ಪಡಿಪ್ಪುರ ಕೆಡವುವ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ ಹಳೆಯ ತರವಾಡು (ಕುಟುಂಬದ ಮೂಲ) ಮನೆ. ಎದುರಿಗೆ ಹಂಚಿನ ಮಾಡಿನ (ಛಾವಣಿಯ) ಪಡಿಪ್ಪುರ, ಅಂದರೆ ಅಂಗಳಕ್ಕೆ ಹೋಗುವ ಬಾಗಿಲುಮನೆ. ಸುತ್ತ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾಗಾರ, ಅಂದರೆ ಆವರಣದ ಗೋಡೆ ಇದೆ. ಪಡಿಪ್ಪುರದ ಮುಂದೆ ಎರಡು ಕಂಬ ಮತ್ತು ಕಮಾನು. ಕಮಾನಿನ ಮೇಲೆ ಗಾರೆಯ ಗಜಲಕ್ಷ್ಮಿ, ಎರಡು ಕಂಬಗಳ ತಲೆಯಲ್ಲಿ ಸಿಂಹಗಳು. ಕಳೆದ ಮಳೆಗಾಲದಲ್ಲಿ ಎಡಗಡೆಯ ಪಾಗಾರ ಹೊರಕ್ಕೆ ಉಬ್ಬಿ ಹೊಟ್ಟೆ ಬಂದಿದೆ. ಒಂದು ಸಿಂಹದ ಮುಖ ಉದುರಿದೆ. ಕಾರು ಒಳಗೆ ಬರುವುದಿಲ್ಲ. ಎಲ್ಲ ಕೆಡವಿ ಅದೇ ತರದ ಕಾಂಕ್ರೀಟ್ ಕಮಾನು ಕಟ್ಟಿಕೊಡುತ್ತೇನೆ ಅಂತ ಕಂಟ್ರಾಕ್ಟರು ಹೇಳುತ್ತಾರೆ. ಕುಟುಂಬದಲ್ಲಿ ಎರಡು ಅಭಿಪ್ರಾಯ ಇದೆ. ಇದು ಎಷ್ಟು ಹಳೆಯದಿರಬಹುದು? ಉಳಿಸಿಕೊಳ್ಳಲು ಆಗುತ್ತದೆಯೇ?

ಉತ್ತರ: ಉಳಿಸಿಕೊಳ್ಳಲು ಆಗುತ್ತದೆ. ನೀವು ಕಳಿಸಿದ ಫೋಟೋಗಳನ್ನು ನಿಧಾನವಾಗಿ ನೋಡಿದೆ. ಕೆಡವಬೇಕಾದಂತಹ ದೋಷ ಅದರಲ್ಲಿ ನನಗೆ ಕಾಣಲಿಲ್ಲ. ಹೊಟ್ಟೆ ಬಂದಿರುವುದು ಪಾಗಾರದ ಒಂದು ತುಂಡು ಮಾತ್ರ. ಪಡಿಪ್ಪುರದ ಗೋಡೆ, ದಾರಂದ (ಬಾಗಿಲ ಚೌಕಟ್ಟು), ಕಮಾನು ಎಲ್ಲ ಗಟ್ಟಿಯಾಗಿಯೇ ನಿಂತಿವೆ. ದಯವಿಟ್ಟು ಈಗಲೇ ಯಾರ ಕೈಗೂ ಪಿಕ್ಕಾಸು ಕೊಡಬೇಡಿ.

ಮೊದಲು ವಯಸ್ಸಿನ ಮಾತು. ನಿಮ್ಮ ಮೂರನೇ ಫೋಟೋದಲ್ಲಿ ಬಲಗಡೆಯ ಕಂಬ ಪಾಗಾರಕ್ಕೆ ಸೇರುವ ಜಾಗ ಇದೆ ನೋಡಿ. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ನೇರ ಗೆರೆ. ಪಾಗಾರದ ಕಲ್ಲು ಕಂಬದ ಒಳಗೆ ಹೋಗಿಲ್ಲ, ಕಂಬದ ಕಲ್ಲು ಪಾಗಾರದ ಒಳಗೆ ಬಂದಿಲ್ಲ. ಒಂದೇ ಕಾಲದಲ್ಲಿ ಕಟ್ಟಿದ್ದರೆ ಮೇಸ್ತ್ರಿ ಒಂದು ವರಸೆ ಬಿಟ್ಟು ಒಂದು ವರಸೆಗೆ ಕಲ್ಲುಗಳನ್ನು ಹೆಣೆದೇ ಹೆಣೆಯುತ್ತಿದ್ದ. ಅಂದರೆ ಎರಡೂ ಒಂದೇ ಕಾಲದವಲ್ಲ. ಪಾಗಾರ ಮೊದಲಿನದೆಂದು ಕಾಣುತ್ತದೆ. ಕಂಬ ಮತ್ತು ಕಮಾನು ಆಮೇಲೆ ಬಂದು ಅದಕ್ಕೆ ಒರಗಿ ನಿಂತದ್ದು. ಹಿಂದಿರುವ ಪಡಿಪ್ಪುರವೂ ಕಮಾನಿಗಿಂತ ಹಳೆಯದೆಂದು ನನ್ನ ಅಂದಾಜು. ಅದರ ಬಾಗಿಲಿಗೆ ಕಬ್ಬಿಣದ ತಿರುಗಣಿ ಇಲ್ಲ. ಕದದ ಮರದಲ್ಲೇ ಮೇಲೆ ಕೆಳಗೆ ಗೂಟ ಬಿಟ್ಟು, ದಾರಂದದ ಗುಳಿಯಲ್ಲಿ ಕೂರಿಸಿದ್ದಾರೆ. ಮಾಡಿನ ಪಕಾಸುಗಳ (ಹಂಚು ಹೊರುವ ಓರೆ ಮರಗಳ) ಕೂಡಿಗೆಯಲ್ಲೂ ಮೊಳೆ ಕಾಣುತ್ತಿಲ್ಲ, ಮರದ ಬೆಣೆ ಇದೆ. ಇದು ಹಳೆಯ ಆಚಾರಿಗಳ ಕೈಕೆಲಸ.

ಹಂಚನ್ನೂ ಕೆಳಗಿಳಿಸಿ ನೋಡಿ. ಹಿಂಬದಿಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕಿಂತ ಮೊದಲು ನಮ್ಮ ಕಡೆಯ ಹೆಚ್ಚಿನ ಮಾಡುಗಳಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು. ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿದವು. ಆದ್ದರಿಂದ ಮಿಶನ್ನಿನ ಮುದ್ರೆ ಇರುವ ಹಂಚು ಸಿಕ್ಕಿದರೆ ಅದು ನೂರು ವರ್ಷಕ್ಕಿಂತ ಹಳೆಯದು. ಆದರೆ ಇದು ಹಂಚಿನ ವಯಸ್ಸು, ಕಟ್ಟಡದ್ದಲ್ಲ. ಹುಲ್ಲಿನ ಮಾಡು ತೆಗೆದು ಹಂಚು ಹೊದೆಸಿರಬಹುದು. ಒಡೆದ ಹಂಚಿಗೆ ಬದಲಿ ಹಾಕಿರಬಹುದು. ಹಲವು ಮುದ್ರೆ ಬೆರೆತಿದ್ದರೆ ಆಶ್ಚರ್ಯ ಪಡಬೇಡಿ.

ಕಮಾನಿನ ರೂಪ ಮಂಗಳೂರಿನ ಕಡೆಯಿಂದ ಬಂದದ್ದು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕಚೇರಿ, ಕೋರ್ಟು, ವ್ಯಾಪಾರ ಎಲ್ಲಕ್ಕೂ ನಮ್ಮವರು ಹೋಗುತ್ತಿದ್ದದ್ದು ಮಂಗಳೂರಿಗೆ. ಅಲ್ಲಿಯ ಬಂಗಲೆಗಳ ಗೇಟು ಕಂಡು ಬಂದವರು ಊರಿನಲ್ಲೂ ಹಾಗೇ ಮಾಡಿಸಿದರು. ದುಂಡು ಕಂಬ, ಅರ್ಧಚಂದ್ರದ ಕಮಾನು ಅಲ್ಲಿಯವು. ಗಜಲಕ್ಷ್ಮಿ, ಗಿಳಿ, ಬಳ್ಳಿ ನಮ್ಮವು. ಎರಡನ್ನೂ ಒಂದೇ ಕಡೆ ಕೂರಿಸುವ ಧೈರ್ಯ ಆ ಕಾಲದ ಗಾರೆ ಕೆಲಸದವರಿಗಿತ್ತು. ನನಗೆ ಇದು ಬಹಳ ಇಷ್ಟವಾಗುವ ವಿಷಯ. ಕೆಲವರು ಇದನ್ನು ಕಲಬೆರಕೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಲೆಯಾಳದ ಪಡಿಪ್ಪುರ, ತುಳುನಾಡಿನ ಪಾಗಾರ, ಮಂಗಳೂರಿನ ಕಮಾನು ಒಂದೇ ಅಂಗಳದ ಎದುರು ನಿಲ್ಲಲು ಸಾಧ್ಯವಾಗುವುದು ಈ ಗಡಿ ನಾಡಿನಲ್ಲಿ ಮಾತ್ರ. ನಿಖರವಾದ ಇಸವಿ ಬೇಕಿದ್ದರೆ ಮನೆಯ ಹಳೆಯ ಕನ್ನಡ ದಸ್ತಾವೇಜು, ಪಾಲುಪಟ್ಟಿ ಹುಡುಕಿ. ಕಮಾನಿನ ಹಿಂಬದಿಯ ಗಾರೆಯಲ್ಲೂ ಇಸವಿ ಬರೆದಿರುವುದುಂಟು. ಸುಣ್ಣದ ಪದರಗಳ ಅಡಿಯಲ್ಲಿ ಮುಚ್ಚಿಹೋಗಿರಬಹುದು, ಬೆರಳಾಡಿಸಿ ನೋಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅಲಂಕಾರ ಒಂದು ಸಮಸ್ಯೆ, ಪಾಗಾರ ಇನ್ನೊಂದು ಸಮಸ್ಯೆ ಅನ್ನುವ ಹಾಗೆ ಬರೆದಿದ್ದೀರಿ. ಎರಡಕ್ಕೂ ಕಾರಣ ಒಂದೇ. ನೀರು ಹೋಗುವ ದಾರಿ ಮುಚ್ಚಿಹೋಗಿದೆ.

ಮುರಕಲ್ಲಿನ ಸ್ವಭಾವ ನಿಮಗೆ ಗೊತ್ತೇ ಇದೆ. ಕೋರೆಯಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. 1800-01ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನೇ ಕಂಡು ಬೆರಗಾದ. ಕರಣೆಯಿಂದಲೋ ದೊಡ್ಡ ಕತ್ತಿಯಿಂದಲೋ ಬೇಕಾದ ಆಕಾರಕ್ಕೆ ಕತ್ತರಿಸುತ್ತಾರೆ, ಸ್ವಲ್ಪ ಸಮಯದಲ್ಲೇ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಎಂದು ಬರೆದ. 1807ರಲ್ಲಿ ಅವನ ಪುಸ್ತಕ ಅಚ್ಚಾದ ಮೇಲೆ ಈ ಕಲ್ಲಿನ ಸುದ್ದಿ ಲೋಕಕ್ಕೆಲ್ಲ ಹೋಯಿತು. ಆದರೆ ಈ ಕಲ್ಲಿಗೆ ಮೈಯೆಲ್ಲ ತೂತು. ನೀರು ಕುಡಿಯುತ್ತದೆ, ಬಿಡುತ್ತದೆ. ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ತೋಡಿದರೆ ನೀರು ಜಿನುಗುವುದು ಇದೇ ಗುಣದಿಂದ. ಇನ್ನೊಂದು ತೊಂದರೆಯೂ ಇದೆ. ಸೂಕ್ಷ್ಮವಾದ ಕೆತ್ತನೆ ಇದರಲ್ಲಿ ನಿಲ್ಲುವುದಿಲ್ಲ. ಬೇಲೂರಿನ ಶಿಲ್ಪಿಗೆ ಮುರಕಲ್ಲು ಕೊಟ್ಟಿದ್ದರೆ ಅವನೂ ಕೈಚೆಲ್ಲುತ್ತಿದ್ದ.

ಹಾಗಾಗಿ ನಮ್ಮ ಹಿಂದಿನವರು ಕೆಲಸ ಹಂಚಿದರು. ಭಾರ ಹೊರುವುದು ಮುರಕಲ್ಲು. ಕಾಲು ಸವೆಯುವ ಹೊಸ್ತಿಲಿಗೆ, ಮೆಟ್ಟಿಲಿಗೆ ಶಿಲೆಕಲ್ಲು. ಕೆತ್ತನೆ ಏನಿದ್ದರೂ ಹಲಸು, ಕಿರಾಲುಭೋಗಿ, ಸಾಗುವಾನಿ ಮರದಲ್ಲಿ. ಹೊರಗೆ ಮಳೆ ಬೀಳುವ ಕಡೆ ರೂಪ ಬೇಕಿದ್ದರೆ ಸುಣ್ಣದ ಗಾರೆಯಲ್ಲಿ. ಕಂಬದ ಕೊರಳಿನ ಸುತ್ತ ಮೂರು ಪಟ್ಟಿ ಇವೆಯಲ್ಲ, ಅವು ಸುಮ್ನೆ ಚಂದಕ್ಕೆ ಮಾಡಿದ್ದಲ್ಲ. ಮೇಲಿನಿಂದ ಇಳಿಯುವ ನೀರನ್ನು ಗೋಡೆಯಿಂದ ಆಚೆ ಎಸೆಯುವುದು ಅವುಗಳ ಕೆಲಸ. ಪಟ್ಟಿಯ ಅಡಿಯಲ್ಲಿ ಬೆರಳು ತುದಿ ಹಿಡಿಯುವಷ್ಟು ಒಂದು ಸಣ್ಣ ಗೀರು ಇರುತ್ತದೆ. ನೀರಿನ ಹನಿ ಅಲ್ಲಿಗೆ ಬಂದು ನಿಂತು ಕೆಳಗೆ ಬೀಳುತ್ತದೆ, ಗೋಡೆಗೆ ಹತ್ತುವುದಿಲ್ಲ. ಪಾಗಾರದ ತಲೆಯನ್ನು ದೋಣಿ ಕವುಚಿದ ಹಾಗೆ ದುಂಡಗೆ ಮಾಡಿದ್ದೂ ಅದಕ್ಕೇ. ಕಮಾನಿನ ಮೇಲೆ ಗಜಲಕ್ಷ್ಮಿಯ ತಲೆಯ ಹತ್ತಿರ ಚಾಚಿಕೊಂಡಿರುವ ಬಳ್ಳಿಯ ಚೌಕಟ್ಟು ಅವಳಿಗೆ ಕೊಡೆ. ಪಡಿಪ್ಪುರದ ಮಾಡಿನ ತುದಿಯ ತ್ರಿಕೋನದಲ್ಲಿ ತೂತು ತೂತಾಗಿ ಕೊರೆದ ಹಲಗೆ ಇದೆ. ಅಟ್ಟದ ಹಸಿ ಗಾಳಿ ಹೊರಗೆ ಹೋಗುವುದು ಅದರಿಂದ. ಅದು ಮುಚ್ಚಿದರೆ ಎರಡು ಮಳೆಗಾಲದಲ್ಲಿ ಪಕಾಸಿಗೆ ಒರಲೆ (ಗೆದ್ದಲು) ಹಿಡಿಯುತ್ತದೆ.

ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿನಲ್ಲಿ ಅಲಂಕಾರಕ್ಕೆ ಈ ಕೆಲಸ ಇರಲೇಬೇಕು. ಇಲ್ಲದಿದ್ದರೆ ಅದು ಇಷ್ಟು ಕಾಲ ಉಳಿಯುತ್ತಲೇ ಇರಲಿಲ್ಲ.

ಈಗ ನಿಮ್ಮ ಎಡಗಡೆಯ ಸಿಂಹ ಯಾಕೆ ಮುಖ ಕಳೆದುಕೊಂಡಿತು ಅನ್ನುವುದನ್ನು ನೋಡೋಣ. ಐದನೇ ಫೋಟೋ ದೊಡ್ಡದು ಮಾಡಿ ನೋಡಿದರೆ ಸಿಂಹದ ಪೀಠದ ಸುತ್ತ ಬೂದು ಬಣ್ಣದ ತೇಪೆ ಕಾಣುತ್ತದೆ. ಯಾವಾಗಲೋ ಯಾರೋ ಬಿರುಕಿಗೆ ಸಿಮೆಂಟು ಮೆತ್ತಿದ್ದಾರೆ. ಮೆತ್ತುವಾಗ ಅಡಿಯ ಗೀರೂ ಮುಚ್ಚಿಹೋಗಿದೆ. ನೀರು ಈಗ ಆಚೆ ಬೀಳದೆ ಪೀಠದ ಒಳಕ್ಕೇ ಹೋಗುತ್ತಿದೆ. ಸುಣ್ಣದ ಗಾರೆ ಒದ್ದೆಯಾದರೂ ಮತ್ತೆ ಒಣಗುತ್ತದೆ. ಸಿಮೆಂಟು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಆಗ ಸಿಮೆಂಟಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಅಲ್ಲೇ ಗಾರೆ ಹುಡಿಯಾಗಿ ಉದುರುತ್ತದೆ. ಫೋಟೋದಲ್ಲಿ ಆ ಬಿಳಿ ಗೆರೆ ತೇಪೆಯ ಸುತ್ತ ಸ್ಪಷ್ಟವಾಗಿದೆ. ತೇಪೆ ಮಾತ್ರ ಗಟ್ಟಿಯಾಗಿ ಕೂತಿದೆ, ಅದರ ಸುತ್ತಲಿನದೆಲ್ಲ ಹೋಗಿದೆ. ಸಿಮೆಂಟು ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಮುರಕಲ್ಲು, ಸುಣ್ಣದ ಗೋಡೆಗೆ ಅದು ಹೊಂದುವುದಿಲ್ಲ, ಅಷ್ಟೇ.

ಪಾಗಾರದ ಹೊಟ್ಟೆಗೂ ಇದೇ ಕಥೆ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ. ನಿಮ್ಮ ಅಂಗಳಕ್ಕೆ ಇತ್ತೀಚೆಗೆ ಮಣ್ಣು ತುಂಬಿ ಇಂಟರ್‌ಲಾಕ್ ಹಾಕಿಸಿದ್ದೀರಿ, ಅಲ್ವಾ? ಪಡಿಪ್ಪುರದ ಒಳಬದಿಯ ಮೆಟ್ಟಿಲು ಒಂದೇ ಕಾಣುತ್ತಿದೆ, ಹೊರಬದಿಯಲ್ಲಿ ನಾಲ್ಕು. ಒಳಗಿನ ಮೆಟ್ಟಿಲುಗಳು ಮಣ್ಣಿನ ಅಡಿಗೆ ಹೋಗಿರಬೇಕು. ಪಾಗಾರ ಈಗ ಬೇಲಿಯ ಕೆಲಸ ಬಿಟ್ಟು ಮಣ್ಣು ತಡೆಯುವ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ್ದು ಅದಕ್ಕಲ್ಲ. ಜೊತೆಗೆ ಅಂಗಳದ ನೀರು ಮೊದಲು ಇಂಗುತ್ತಿತ್ತು, ಈಗ ಇಂಟರ್‌ಲಾಕ್ ಮೇಲೆ ಹರಿದು ಎಡ ಮೂಲೆಗೆ ಬಂದು ನಿಲ್ಲುತ್ತದೆ. ಹಳೆಯ ಪಾಗಾರಗಳ ಬುಡದಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲಿನ ಅಂತರ ಬಿಟ್ಟು ನೀರು ಹೋಗಲು ಕಂಡಿ ಇಟ್ಟಿರುತ್ತಾರೆ. ನಿಮ್ಮದರಲ್ಲೂ ಹೊರಬದಿಯಿಂದ ಎರಡು ಕಾಣುತ್ತಿವೆ. ಒಳಬದಿಯಲ್ಲಿ ಅವು ಹುಗಿದುಹೋಗಿವೆ. ಮಣ್ಣು ಒದ್ದೆಯಾದಾಗ ತೂಕ ಜಾಸ್ತಿಯಾಗುತ್ತದೆ, ನೀರಿನ ಒತ್ತಡವೂ ಸೇರುತ್ತದೆ. ಗೋಡೆ ಹೊರಕ್ಕೆ ಉಬ್ಬದೆ ಇನ್ನೇನು ಮಾಡಬೇಕು?

ಆದ್ದರಿಂದ ಮೊದಲ ಕೆಲಸ ಮೇಸ್ತ್ರಿಯದ್ದಲ್ಲ, ಹಾರೆ ಹಿಡಿಯುವವರದ್ದು. ಮಳೆ ಶುರುವಾಗುವ ಮೊದಲೇ ಪಾಗಾರದ ಒಳಬದಿಯಲ್ಲಿ ಉದ್ದಕ್ಕೂ ಇಂಟರ್‌ಲಾಕ್ ಎಬ್ಬಿಸಿ, ಮಣ್ಣು ತೆಗೆದು, ಹಳೆಯ ಮಟ್ಟಕ್ಕೆ ಒಂದು ಕಣಿ (ನೀರಿನ ಚರಂಡಿ) ಮಾಡಿ. ಕಣಿಯ ತಳ ಕಂಡಿಗಳಿಗಿಂತ ಕೆಳಗೆ ಹೋಗದಿರಲಿ, ಅವುಗಳ ಕಡೆಗೆ ಇಳಿಜಾರಿರಲಿ. ಕಂಡಿಗಳನ್ನು ಕೋಲು ಹಾಕಿ ಬಿಡಿಸಿ. ಹೊಟ್ಟೆ ಬಂದ ಜಾಗದ ಹತ್ತಿರ ಮಾತ್ರ ಜಾಗ್ರತೆ. ಅಲ್ಲಿ ಹೊರಗಿನಿಂದ ಮರದ ಆಧಾರ ಕೊಟ್ಟ ಮೇಲೆಯೇ ಒಳಗೆ ಅಗೆಯಬೇಕು. ಬುಡದವರೆಗೂ ಅಗೆದು ಪಂಚಾಂಗ, ಅಂದರೆ ಅಡಿಪಾಯ, ಬಯಲು ಮಾಡಲೇಬಾರದು. ಹೊರಗೆ ದಾರಿಯಿದ್ದರೆ ಮಕ್ಕಳು ಆ ಕಡೆ ಹೋಗದ ಹಾಗೆ ಹಗ್ಗ ಕಟ್ಟಿ.

ನಾಲ್ಕನೇ ಫೋಟೋದಲ್ಲಿ ಪಾಗಾರದ ಸಂದಿಯಿಂದ ಗೋಳಿ ಗಿಡ ಎದ್ದಿದೆ. ಅದನ್ನು ಎಳೆದು ಕೀಳಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡದಲ್ಲಿ ಕತ್ತರಿಸಿ ಬಿಡಿ, ಚಿಗುರಿದ ಹಾಗೆ ಮತ್ತೆ ಮತ್ತೆ ಕತ್ತರಿಸಿ. ಬೇರು ದಪ್ಪವಾಗಿದ್ದರೆ ಆ ಜಾಗದ ನಾಲ್ಕು ಕಲ್ಲು ಬಿಚ್ಚಿ, ಬೇರು ಪೂರ್ತಿ ತೆಗೆದು, ಅದೇ ಕಲ್ಲುಗಳನ್ನು ಮತ್ತೆ ಕೂರಿಸಬೇಕು. ಪಾಚಿ, ಸಣ್ಣ ಜರಿಗಿಡಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ.

ಹೊಟ್ಟೆ ಬಂದ ತುಂಡನ್ನು ಬಿಚ್ಚಿ ಕಟ್ಟಲೇಬೇಕು. ಅದನ್ನು ನೂಕಿ ನೇರ ಮಾಡಲು ಆಗುವುದಿಲ್ಲ. ಮಳೆಗಾಲ ಕಳೆದು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆಯೂ ನಿಂತ ಮೇಲೆ ಶುರು ಮಾಡಿ. ಪ್ರತಿ ಕಲ್ಲಿಗೂ ಸುಣ್ಣದಲ್ಲಿ ನಂಬರ್ ಹಾಕಿ ಫೋಟೋ ತೆಗೆಯಿರಿ. ಒಂದು ಸಲಕ್ಕೆ ಒಂದೂವರೆ ಮೀಟರ್ ಉದ್ದ ಮಾತ್ರ ಬಿಚ್ಚಿ. ಪೂರ್ತಿ ಬಿಚ್ಚಿದರೆ ಎರಡು ಕಡೆಯ ಗಟ್ಟಿ ಗೋಡೆಯೂ ಸಡಿಲವಾಗುತ್ತದೆ. ಬಿಚ್ಚುವಾಗ ಗೋಡೆಯ ದಪ್ಪಕ್ಕೂ ಹಾಯುವ ಉದ್ದ ಕಲ್ಲುಗಳು ಸಿಗುತ್ತವೆ. ಅವು ಎಲ್ಲಿದ್ದವು ಅಂತ ಬೇರೆಯೇ ಗುರುತು ಮಾಡಿ. ಒಳಮೈ ಹೊರಮೈ ಎರಡನ್ನೂ ಹಿಡಿದು ನಿಲ್ಲಿಸುವುದು ಅವೇ. ಅಲ್ಲಿ ಎರಡು ಗಿಡ್ಡ ಕಲ್ಲು ಇಟ್ಟು ಮುಗಿಸಿದರೆ ಹತ್ತು ವರ್ಷದಲ್ಲಿ ಮತ್ತೆ ಹೊಟ್ಟೆ ಬರುತ್ತದೆ. ಹೊಸ ಕಲ್ಲು ಬೇಕಾದರೆ ಮೆಶಿನ್ನಿನಲ್ಲಿ ಕೊಯ್ದ ಕಲ್ಲೂ ಆಗುತ್ತದೆ. ಆದರೆ ಕೋರೆಯಿಂದ ತಂದು ಕೆಲವು ತಿಂಗಳು ಬಿಸಿಲು ಗಾಳಿಗೆ ಬಿಡಿ. ಕಲ್ಲಿನಲ್ಲಿ ಬಿಳಿ ಜೇಡಿಯ ಗಂಟು ಜಾಸ್ತಿ ಇದ್ದರೆ ವಾಪಸು ಕಳಿಸಿ.

ಗೋಡೆ ಬುಡದಲ್ಲಿ ಅಗಲ, ತಲೆಯಲ್ಲಿ ಕಡಿಮೆ ಇದೆ. ತೂಗುಗುಂಡು ಹಿಡಿದ ಮೇಸ್ತ್ರಿ ಇದನ್ನು ಸರಿ ಮಾಡೋಣ ಅನ್ನಬಹುದು. ಬೇಡ ಅನ್ನಿ. ಆ ಒಳವಾಲು ಬೇಕೆಂದೇ ಕೊಟ್ಟದ್ದು. ಹಾಗೆಯೇ ಪಡಿಪ್ಪುರದ ನಡುಗೆರೆ ಮನೆಯ ನಡುಬಾಗಿಲಿಗೆ ಸರಿಯಾಗಿ ಬರುವುದಿಲ್ಲ, ಸ್ವಲ್ಪ ಪಕ್ಕಕ್ಕಿದೆ ಎಂದು ನೀವು ಬರೆದಿದ್ದೀರಿ. ಅದೂ ತಪ್ಪಲ್ಲ. ಮನೆಯ ನಡುಸೂತ್ರಕ್ಕೆ ತಡೆಯಾಗದ ಹಾಗೆ ಪಡಿಪ್ಪುರವನ್ನು ಸ್ವಲ್ಪ ಸರಿಸಿ ಕಟ್ಟುವುದು ಕೇರಳದ ವಾಸ್ತು ಕ್ರಮದಲ್ಲೇ ಇದೆ. ಅದರಿಂದ ಇನ್ನೊಂದು ಲಾಭವೂ ಇದೆ. ದಾರಿಯಲ್ಲಿ ಹೋಗುವವರಿಗೆ ಮನೆಯ ಒಳಗು ನೇರ ಕಾಣುವುದಿಲ್ಲ. ಕೋಟೆಗಳಲ್ಲಿ ಇದೇ ಯೋಚನೆ ಯುದ್ಧದ ರೂಪದಲ್ಲಿದೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆಗೆ ಹೋದರೆ ದಾರಿ ನೇರ ಒಳಗೆ ಹೋಗದೆ ತಿರುಗಿ ತಿರುಗಿ ಹೋಗುವುದನ್ನು ನೋಡುತ್ತೀರಿ. ನುಗ್ಗಿ ಬಂದವರ ವೇಗ ಅಲ್ಲೇ ಮುರಿಯಬೇಕು. ಅದೂ ಇದೇ ಮುರಕಲ್ಲಿನ ಕೋಟೆ.

ಇನ್ನು ಗಾರೆ. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಹೊಯಿಗೆ (ಮರಳು). ಹೊಳೆಯ ಹೊಯಿಗೆ ಆಗಬೇಕು, ಕಡಲಿನದು ಬೇಡ, ಉಪ್ಪಿರುತ್ತದೆ. ಹಳೆಯ ಗಾರೆಯ ಉದುರಿದ ಚೂರನ್ನು ಮುರಿದು ನೋಡಿ. ಕೆನೆ ಬಣ್ಣ, ಒಳಗೆ ಸಣ್ಣ ಸಣ್ಣ ಚಿಪ್ಪಿನ ತುಂಡು ಕಂಡರೆ ಅದು ಚಿಪ್ಪು ಸುಟ್ಟು ಮಾಡಿದ ಸುಣ್ಣ. ಈಗಲೂ ಚಿಪ್ಪಿನ ಸುಣ್ಣ ಸಿಗುತ್ತದೆ. ಪೊಟ್ಟಣದ ಪುಡಿಗಿಂತ, ನೀರಿನಲ್ಲಿ ಅರಳಿಸಿ ಕೆಲವು ವಾರ ಹಾಗೇ ನೀರಿನ ಅಡಿಯಲ್ಲಿಟ್ಟ ಸುಣ್ಣ ಕೈಗೆ ಬೆಣ್ಣೆಯಂತೆ ಬರುತ್ತದೆ. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಕ್ರಮವೂ ಇದೆ. ಬುಡದ ಎರಡು ಮೂರು ವರಸೆ ಯಾವಾಗಲೂ ಒದ್ದೆ ಇರುತ್ತದೆ. ಅಲ್ಲಿಗೆ ಬರೀ ಸುಣ್ಣ ಸಾಲದು, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸಿ. ಆಗ ತೇವದಲ್ಲೂ ಗಟ್ಟಿಯಾಗುತ್ತದೆ.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು. ಅದಕ್ಕೆ ಸಮಯ ಬೇಕು. ತೆಳ್ಳಗೆ ಒಂದು ಪದರ ಹಾಕಬೇಕು, ಅದು ಬಿಗಿದ ಮೇಲೆ ಇನ್ನೊಂದು. ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿ ತೂಗುಹಾಕಿ, ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಇಲ್ಲಿ ಅವಸರ ಮಾಡಿದವರು ಆಮೇಲೆ ಸುಣ್ಣವನ್ನೇ ಬೈಯುತ್ತಾರೆ.

ಸಿಂಹದ ಕೆಲಸ ಕೊನೆಗೆ ಇಟ್ಟುಕೊಳ್ಳಿ. ಮೊದಲು ಸಿಮೆಂಟಿನ ತೇಪೆಯನ್ನು ಸಣ್ಣ ಉಳಿಯಿಂದ ಅಂಚಿನಿಂದ ಶುರುಮಾಡಿ ಬಿಡಿಸಬೇಕು. ಬ್ರೇಕರ್ ಮೆಶಿನ್ ಹತ್ತಿರವೂ ತರಬೇಡಿ. ಎಲ್ಲಿಯಾದರೂ ಬಿಗಿಯಾಗಿ ಅಂಟಿದ್ದು, ತೆಗೆದರೆ ಗಾರೆಯೂ ಬರುತ್ತದೆ ಅನಿಸಿದರೆ ಅಷ್ಟನ್ನು ಬಿಟ್ಟುಬಿಡಿ. ಪೀಠದ ಅಡಿಯ ಗೀರು ಮಾತ್ರ ಮತ್ತೆ ತೆರೆಯಲೇಬೇಕು. ಉದುರಿದ ಮುಖಕ್ಕೆ ಬಲಗಡೆಯ ಸಿಂಹವೇ ಮಾದರಿ. ಎರಡೂ ಎದುರುಬದುರಾಗಿ ತಿರುಗಿವೆ, ಹಾಗಾಗಿ ಕನ್ನಡಿಯಲ್ಲಿ ಕಂಡಂತೆ ಮಾಡಬೇಕು. ಆದರೆ ನೋಡಿ, ಬಲಗಡೆಯ ಸಿಂಹದ ಮೀಸೆ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಕೈಯಿಂದ ಹಸಿ ಗಾರೆ ಎಳೆದ ಗುರುತು ಅದರ ಕೆನ್ನೆಯಲ್ಲಿ ಇನ್ನೂ ಇದೆ. ಅಚ್ಚು ತೆಗೆದು ಎರಕ ಹೊಯ್ದರೆ ಆ ಕೈ ಕಾಣೆಯಾಗುತ್ತದೆ. ದೇವಸ್ಥಾನಗಳ ಗಾರೆ ಕೆಲಸ ಮಾಡುವವರು ಯಾರಾದರೂ ಸಿಕ್ಕಿದರೆ ಅವರ ಕೈಯಲ್ಲಿ ಮಾಡಿಸಿ. ಅಂತಹವರು ಸಿಗದಿದ್ದರೆ ಮುಖ ಇಲ್ಲದೆ ಇರಲಿ, ಉದುರುವುದು ಮಾತ್ರ ನಿಲ್ಲಿಸಿ. ಕೆಟ್ಟ ಮುಖಕ್ಕಿಂತ ಅದು ಮೇಲು.

ಬಣ್ಣಕ್ಕೂ ಒಂದು ಮಾತು. ಗಜಲಕ್ಷ್ಮಿಯ ಮೇಲೆ ಈಗ ಎನಾಮೆಲ್ ಪೈಂಟ್ ಇದೆ. ಅದು ಸಿಪ್ಪೆ ಏಳುತ್ತಿರುವ ಕಡೆ ಅಡಿಯಲ್ಲಿ ಕಾವಿಯ ಕೆಂಪು, ಒಂದು ಕಡೆ ನೀಲಿ ಇಣುಕುತ್ತಿದೆ. ಅದನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ. ತಾನಾಗಿ ಏಳುವುದನ್ನು ಮಾತ್ರ ಮೆಲ್ಲಗೆ ತೆಗೆದು, ಹಳೆಯ ಬಣ್ಣದ ಫೋಟೋ ಇಟ್ಟುಕೊಂಡು, ಸುಣ್ಣದಲ್ಲೇ ಬಣ್ಣ ಬೆರೆಸಿ ಬಳಿಸಿ. ಪ್ಲಾಸ್ಟಿಕ್ ಪೈಂಟ್ ಹಚ್ಚಿದರೆ ಸಿಮೆಂಟಿನ ತೇಪೆಯ ಕಥೆಯೇ ಮತ್ತೆ.

ಕಾಂಕ್ರೀಟ್ ಕಮಾನು ನೂರು ವರ್ಷ ಬರುತ್ತದೆ ಅಂತ ನಿಮಗೆ ಹೇಳಿದ್ದಾರಂತೆ. ನಮ್ಮ ಉಪ್ಪು ಗಾಳಿಯಲ್ಲಿ, ಈ ಮಳೆಯಲ್ಲಿ, ತೆಳುವಾದ ಅಲಂಕಾರದ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟ್ ಸಿಡಿಯುವುದನ್ನು ನಮ್ಮ ಬಸ್ ಸ್ಟ್ಯಾಂಡುಗಳಲ್ಲೇ ನೋಡಬಹುದು. ನಿಮ್ಮ ಈಗಿನ ಕಮಾನಿನಲ್ಲಿ ಕಬ್ಬಿಣವೇ ಇಲ್ಲ. ಕಲ್ಲು ಕಲ್ಲನ್ನು ಒತ್ತಿ ನಿಂತಿದೆ. ತುಕ್ಕು ಹಿಡಿಯಲು ಅಲ್ಲೇನೂ ಇಲ್ಲ.

ಉಳಿದದ್ದು ಕಾರಿನ ಸಮಸ್ಯೆ. ಇದನ್ನು ನಾನು ಹಗುರ ಮಾಡುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದಾರೆ, ಆಂಬುಲೆನ್ಸ್ ಅಂಗಳದವರೆಗೆ ಬರಬೇಕು. ಆದರೆ ಅದಕ್ಕೆ ಪಡಿಪ್ಪುರ ಅಗಲ ಮಾಡಬೇಕಾಗಿಲ್ಲ. ದಾರಂದ ಕಿತ್ತು ಅಗಲ ಮಾಡಿದರೆ ಮೇಲಿನ ತೊಲೆಗೆ ಆಧಾರ ತಪ್ಪಿ ಇಡೀ ಮಾಡು ಕೂರುತ್ತದೆ. ನೀವು ಕಳಿಸಿದ ನಕ್ಷೆಯಲ್ಲಿ ಬಲಗಡೆ, ದನದ ಹಟ್ಟಿಯ ಹತ್ತಿರ, ಪಾಗಾರ ಎತ್ತರ ಕಡಿಮೆಯಾಗಿ ಕೊನೆಯಾಗುವ ಜಾಗ ಇದೆ. ಅಲ್ಲಿ ಗಾರೆ ಇಲ್ಲ, ಅಲಂಕಾರ ಇಲ್ಲ, ಗೋಡೆಯೂ ಹಿಂದೊಮ್ಮೆ ಬಿಚ್ಚಿ ಕಟ್ಟಿದ್ದು. ಹೊರಗಿನ ದಾರಿಯೂ ಅಂಗಳದ ಮಟ್ಟಕ್ಕೇ ಇದೆ. ಹನ್ನೆರಡು ಅಡಿ ತೆರೆದರೆ ಆಂಬುಲೆನ್ಸ್ ಕೂಡ ಆರಾಮಾಗಿ ಬರುತ್ತದೆ. ತೆರೆದ ಎರಡು ತುದಿಗಳನ್ನೂ ಉದ್ದ ಕಲ್ಲು ಹಾಕಿ ಕಟ್ಟಿ ನಿಲ್ಲಿಸಿ, ಸಾದಾ ಕಬ್ಬಿಣದ ಗೇಟು ಹಾಕಿ. ಅಲ್ಲಿ ಸಿಂಹ, ಕಮಾನು ಯಾವುದೂ ಬೇಡ. ರಸ್ತೆ ಬದಿಯ ಗೋಡೆ ಆದ್ದರಿಂದ ಪಂಚಾಯತಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ತರವಾಡಿನ ದೈವದ ಭಂಡಾರ (ದೈವದ ಒಡವೆ, ಆಯುಧಗಳು) ಯಾವ ದಾರಿಯಲ್ಲಿ ಹೊರಡುತ್ತದೆ ಎಂದು ಹಿರಿಯರನ್ನು ಕೇಳಿ. ಪಡಿಪ್ಪುರದಿಂದಲೇ ಹೊರಡುವುದಾದರೆ ಅದು ಹಾಗೆಯೇ ಮುಂದುವರಿಯಲಿ. ಕಾರಿಗೆ ಹೊಸ ಗೇಟು, ಮನುಷ್ಯರಿಗೆ ಮತ್ತು ದೈವಕ್ಕೆ ಹಳೆಯ ಬಾಗಿಲು ಅಂದರೆ ಕುಟುಂಬದ ಎರಡೂ ಕಡೆಯವರು ಒಪ್ಪಬಹುದು. ಪಡಿಪ್ಪುರದ ಕದವನ್ನು ಮಾತ್ರ ದಿನಕ್ಕೊಮ್ಮೆಯಾದರೂ ತೆರೆದು ಮುಚ್ಚಿ. ತಿರುಗುವ ಗೂಟಕ್ಕೆ ಆಗಾಗ ತೆಂಗಿನೆಣ್ಣೆ ಬಿಡಿ. ಕಣಿ ತೋಡಿದ ಮೇಲೆ ಮೊದಲ ದೊಡ್ಡ ಮಳೆ ಬಂದಾಗ ಕಂಡಿಗಳಲ್ಲಿ ನೀರು ಹೊರಗೆ ಬರುತ್ತಿದೆಯೇ ನೋಡಿ ಬರೆಯಿರಿ. ಬಾರದಿದ್ದರೆ ಕಣಿಯ ಇಳಿಜಾರು ಸಾಲದು, ಗೋಡೆ ಬಿಚ್ಚುವ ಮೊದಲು ಅದನ್ನೇ ಸರಿ ಮಾಡಬೇಕಾಗುತ್ತದೆ.